ಬಾಲಿಕೆಯರ ಕಂದುಕಕ್ಷೇಪಶಿಕ್ಷಣ

ಯಾವ ವಿದ್ಯೆಯನ್ನಾದರೂ ಎಳೆಯರಿಗೆ ಕಲಿಸುವಾಗ ಎರಡು ವಿಷಯಗಳು ವಿಚಾರಣೀಯವಾಗುತ್ತವೆ. ಯಾವುದರ ಬಳಿಕ ಯಾವುದನ್ನು ಕಲಿಸಬೇಕೆಂಬುದು ಕ್ರಮ. ಎಷ್ಟನ್ನು ಮಾಡಿಸಬೇಕೆಂಬುದು ಮಾತ್ರೆ. ಅಮೆರಿಕಾ ದೇಶದ ಸಾಫ್ಟ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಬಾಲಿಕೆಯರ ಶಿಕ್ಷಣವು ಇವೆರಡಕ್ಕೂ ನಿದರ್ಶನವಾಗಿರುವುದರಿಂದ ಅದನ್ನಿಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಈ ಆಟವು ೧೮೮೭ರಲ್ಲಿ ಷಿಕಾಗೋ ನಗರದ ಫ್ಯಾರಗಟ್ ದೋಣಿ ಸಂಘದಲ್ಲಿ ಜಾರ್ಜ್ ಹ್ಯಾನ್ಕಾಕ್ ಎಂಬಾತನಿಂದ ಹುಟ್ಟಿತು. ಮೊದಲು ಅದು ಮನೆಯೊಳಗಣ ವಿನೋದ. ಮುಷ್ಟಿಯುದ್ಧದ ಕೈಗವಸೇ ಚೆಂಡು, ಪೊರಕೆಯ ಕೋಲೇ ದಾಂಡು. ೧೯೯೬ರಲ್ಲಿ ಸ್ತ್ರೀಯರ ಸಾಫ್ಟ್‌ಬಾಲ್ ಒಲಿಂಪಿಕ್ ಕ್ರೀಡೆಗಳಲ್ಲಿ ಸೇರಿತು. ಬೇಸ್‌ಬಾಲಿನಲ್ಲಿ ಕೈಯನ್ನು ಭುಜದ ಮೇಲಿನಿಂದ ಬೀಸುತ್ತಾರೆ. ಇಲ್ಲಿಯಾದರೋ ಕೈಯು ಮುಂದಿನಿಂದ ಮೇಲಕ್ಕೂ, ಮೇಲಿನಿಂದ ಹಿಂದಕ್ಕೂ, ಹಿಂದಿನಿಂದ ಕೆಳಕ್ಕೂ ಪೂರ್ಣಚಕ್ರವಾಗಿ ಸುತ್ತಿ, ತೊಡೆಯ ಬಳಿಗೆ ಬಂದಾಗ ಚೆಂಡನ್ನು ಬಿಡುತ್ತದೆ. ಗಾಳಿಯಂತ್ರದ ರೆಕ್ಕೆಯನ್ನು ಹೋಲುವುದರಿಂದ ಇದಕ್ಕೆ ವಿಂಡ್‌ಮಿಲ್ ಎಂದು ಹೆಸರು.

ಕ್ರಮವನ್ನು ಮೊದಲು ನೋಡೋಣ. ಆಟದ ನಿಯಮಗಳಲ್ಲಿಯೇ ವಯೋಭೇದವುಂಟು. ಹತ್ತು ವರ್ಷದೊಳಗಿನವರಿಗೆ ೧೧ ಅಂಗುಲ ಸುತ್ತಳತೆಯ ಚೆಂಡು, ೩೫ ಅಡಿಗಳ ದೂರ; ಹನ್ನೆರಡರೊಳಗಿನವರಿಗೆ ೧೨ ಅಂಗುಲದ ಚೆಂಡು, ೪೦ ಅಡಿ; ಬಳಿಕ ೪೩ ಅಡಿ. ಶಿಕ್ಷಕರು ಸಾಮಾನ್ಯವಾಗಿ ಮೊದಲು ಮಣಿಕಟ್ಟಿನ ಚಿಮ್ಮುಗೆಯನ್ನೂ, ಅನಂತರ ಅರ್ಧಚಕ್ರವನ್ನೂ, ಕಡೆಗೆ ಪೂರ್ಣಚಕ್ರವನ್ನೂ ಹೆಜ್ಜೆಯನ್ನೂ ಅಭ್ಯಾಸ ಮಾಡಿಸುವರು. ಇದರಲ್ಲೊಂದು ಅಪಾಯವುಂಟು. ವೇದಾಧ್ಯಯನದಲ್ಲಿ ಸಂಹಿತೆಯನ್ನು ಮೊದಲು ಕಲಿತು, ಆಮೇಲೆ ಪದ, ಕ್ರಮ, ಜಟೆಗಳನ್ನು ಹೇಳುವುದು ಸಂಪ್ರದಾಯ. ಪದಗಳನ್ನು ಮಾತ್ರ ಬಲ್ಲವನು ಸಂಧಿಯಲ್ಲಿ ಎಡವುವಂತೆ, ಭಾಗಗಳನ್ನೇ ಬಹುಕಾಲ ಸಾಧಿಸಿದ ಬಾಲಿಕೆಯ ಎಸೆತದಲ್ಲಿ ಬೆಸುಗೆಗಳು ಕಾಣಿಸಿಕೊಳ್ಳುತ್ತವೆ. ಆದುದರಿಂದ ಭಾಗಾಭ್ಯಾಸವಾದ ದಿನವೇ ಇಡಿಯ ಚಕ್ರವನ್ನು ಮೆಲ್ಲನೆ ಸುತ್ತಿಸತಕ್ಕದ್ದು. ಆರಂಭದಲ್ಲಿಯೇ ಗುರಿಯನ್ನು ಒತ್ತಾಯಿಸಬಾರದು. ಗುರಿಗೆ ಅಂಜಿದವಳು ಚಕ್ರವನ್ನು ಮೊಟಕುಮಾಡಿ ಚೆಂಡನ್ನು ತಳ್ಳತೊಡಗುವಳು. ವೇಗದ ಎಸೆತವು ನೆಲೆಗೊಂಡಮೇಲೆ, ಕೈಯ ವೇಗವನ್ನು ಬದಲಿಸದೆ ಚೆಂಡನ್ನು ನಿಧಾನವಾಗಿ ಕಳುಹಿಸುವ ಎಸೆತವನ್ನು ಕಲಿಸುವುದು ಯುಕ್ತ. ವಕ್ರಗತಿಯ ಎಸೆತಗಳಿಗೆ ಅವಸರ ಸಲ್ಲದು.

ಇನ್ನು ಮಾತ್ರೆಯ ವಿಚಾರ. ಕೆಳಗಿನಿಂದ ಎಸೆಯುವುದು ಸ್ವಾಭಾವಿಕ ಚಲನೆ, ಅದರಿಂದ ಕೈಗೆ ಆಯಾಸವಿಲ್ಲ, ಆದಕಾರಣ ಒಬ್ಬಳೇ ದಿನವೆಲ್ಲ ಎಸೆಯಬಹುದು ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ೧೯೯೮ರಲ್ಲಿ ಪ್ರಕಟವಾದ ಅಳತೆಗಳಂತೆ, ಈ ಎಸೆತದಲ್ಲಿ ಭುಜದ ಕೀಲು ಕಳಚದಂತೆ ಹಿಡಿದಿಡಲು ಬೇಕಾಗುವ ಬಲವು ಎಸೆಯುವವಳ ತೂಕಕ್ಕೆ ಸಮೀಪವಾದುದು. ಎಳೆಯ ಕೀಲುಗಳಿಗೆ ಇದು ಅಲ್ಪವಲ್ಲ.

ಬಾಲಕರ ಬೇಸ್‌ಬಾಲಿನಲ್ಲಿ ಲಿಟ್ಲ್ ಲೀಗ್ ಸಂಸ್ಥೆಯು ೨೦೦೭ರಿಂದ ಎಸೆತಗಳನ್ನೇ ಎಣಿಸುವ ನಿಯಮವನ್ನು ತಂದಿತು. ಹನ್ನೊಂದು ಹನ್ನೆರಡು ವರ್ಷದವರಿಗೆ ದಿನಕ್ಕೆ ೮೫ ಎಸೆತಗಳು ಮಿತಿ. ಬಾಲಿಕೆಯರ ಸಾಫ್ಟ್‌ಬಾಲಿನಲ್ಲಿ ಇನ್ನಿಂಗ್ಸ್‌ಗಳನ್ನು ಎಣಿಸುವ ರೂಢಿ ಬಂದಿದೆ. ಒಂದು ಇನ್ನಿಂಗ್ಸ್ ಮೂರೇ ಎಸೆತಗಳಲ್ಲಿ ಮುಗಿಯಬಹುದು, ಮೂವತ್ತನ್ನೂ ಬೇಡಬಹುದು. ನಮ್ಮ ಲಿಪಿಕಾರರು ತಮ್ಮ ಶ್ರಮವನ್ನು ಓಲೆಗಳಿಂದಲ್ಲದೆ, ಮೂವತ್ತೆರಡು ಅಕ್ಷರಗಳ ಗ್ರಂಥವೆಂಬ ಮಾನದಿಂದ ಲೆಕ್ಕಹಾಕುತ್ತಿದ್ದರು. ಓಲೆ ಚಿಕ್ಕದಿರಬಹುದು, ದೊಡ್ಡದಿರಬಹುದು, ಅಕ್ಷರವು ಮೋಸಮಾಡದು. ಇಲ್ಲಿಯೂ ಎಸೆತವೇ ಮಾನವಾಗಬೇಕು.

ವ್ಯಾಯಾಮವನ್ನು ಬಲಿಷ್ಠನಾದವನೂ ಅರ್ಧಶಕ್ತಿಯಿಂದಲೇ ಮಾಡಬೇಕೆಂಬುದು ವಾಗ್ಭಟನ ಮತ. ವಾರಾಂತ್ಯದ ಪಂದ್ಯಾವಳಿಗಳಲ್ಲಿ ಒಂದೇ ದಿನ ಹಲವು ಆಟಗಳು ನಡೆಯುವಾಗ, ಗೆಲುವಿನ ಆಸೆಯಿಂದ ಒಬ್ಬ ಬಾಲಿಕೆಯ ಭುಜದಮೇಲೆ ಇಡೀ ತಂಡವನ್ನು ಹೊರಿಸುವುದು ಈ ನ್ಯಾಯಕ್ಕೆ ವಿರುದ್ಧವಾದುದು. ಒಂದೊಂದು ತಂಡದಲ್ಲಿ ಇಬ್ಬರು ಮೂವರನ್ನಾದರೂ ಸಿದ್ಧಗೊಳಿಸುವುದು, ವರ್ಷದಲ್ಲಿ ಕೆಲವು ತಿಂಗಳು ಎಸೆತಕ್ಕೆ ಬಿಡುವು ಕೊಡುವುದು, ನೋವೆಂದು ಹೇಳಿದವಳನ್ನು ಗದರದೆ ಕೂಡಲೇ ನಿಲ್ಲಿಸುವುದು, ಇವು ಮೂರೂ ಶಿಕ್ಷಕನ ಕರ್ತವ್ಯಗಳು. ಪಂದ್ಯವು ಒಂದು ದಿನದ್ದು. ಕೈಯು ಆಕೆಯ ಬಾಳಿನುದ್ದಕ್ಕೂ ಬೇಕಾದುದು.