ಹ್ಯಾಂಗಿಂಗ್ ಗಾರ್ಡನ್‌ನ ಅಡಿಯಲ್ಲೊಂದು ಜಲ ಭಂಡಾರ

ಊರಿನಿಂದ ನೆಂಟರು ಬಂದರೆ ನಾವು ತೋರಿಸುವ ಮುಂಬಯಿಯಲ್ಲಿ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ಇದ್ದೇ ಇರುತ್ತದೆ. ಗಿಡ ಕತ್ತರಿಸಿ ಮಾಡಿದ ಪ್ರಾಣಿಗಳನ್ನು ನೋಡಿ, ಎದುರಿನ ಕಮಲಾ ನೆಹರೂ ಪಾರ್ಕಿನ ಬೂಟಿನ ಮನೆಯೆದುರು ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತೇವೆ. ನಾವು ನಡೆದಾಡಿದ ಹುಲ್ಲಿನ ಕೆಳಗೆ 14 ಕೋಟಿ ಲೀಟರಿಗೂ ಹೆಚ್ಚು ಕುಡಿಯುವ ನೀರಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಫಿರೋಜ್‌ಶಾ ಮೆಹ್ತಾ ಉದ್ಯಾನವೆಂಬ ಅಧಿಕೃತ ಹೆಸರಿನ ಈ ತೋಟವಿರುವುದೇ ಜಲಾಶಯದ ಛಾವಣಿಯ ಮೇಲೆ.

ಮುಂಬಯಿ ಒಂದು ಕಾಲದಲ್ಲಿ ಬಾವಿ, ಕೆರೆಗಳನ್ನೇ ನಂಬಿತ್ತು. ಸಿ.ಪಿ. ಟ್ಯಾಂಕ್, ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಲ್ಲ ಆಗಿನ ಕೆರೆಗಳೇ. ಈಗ ಉಳಿದಿರುವುದು ಬಸ್ ಬೋರ್ಡಿನ ಮೇಲಿನ ಹೆಸರು ಮಾತ್ರ! 1854ರ ನೀರಿನ ಬರದ ಬಳಿಕ ವಿಹಾರ್ ಕೆರೆ ಕಟ್ಟಿ 1860ರಲ್ಲಿ ನಗರಕ್ಕೆ ನಳ್ಳಿ ನೀರು ತರಲಾಯಿತು. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ. ಮಲಬಾರ್ ಹಿಲ್‌ನ ಜಲಾಶಯ 1880ರ ದಶಕದ್ದು.

ಕೆರೆಯಿಂದ ನೇರವಾಗಿ ಮನೆಗೆ ಪೈಪ್ ಎಳೆದರೆ ಸಾಲದೇ ಎಂದು ಕೇಳಬಹುದು. ಸಾಲದು. ನೀರು ಹಗಲೂ ರಾತ್ರಿ ಹರಿದು ಬರುತ್ತದೆ, ಜನರಿಗೆ ಬೇಕಾಗುವುದು ಮಾತ್ರ ಒಂದೇ ಹೊತ್ತಿಗೆ. ಬ್ಯಾಂಕಿನವನಾದ ನನಗೆ ಇದು ಬೇಗ ಅರ್ಥವಾಯಿತು. ಸಂಬಳದ ದಿನದ ನೂಕುನುಗ್ಗಲಿಗೆ ಹಿಂದಿನ ದಿನವೇ ನಗದು ತರಿಸಿಟ್ಟಂತೆ ಇದು. ಗುಡ್ಡದ ಮೇಲೆ ಕಟ್ಟಿದ್ದೂ ಲೆಕ್ಕಾಚಾರವೇ. ಎತ್ತರದಿಂದ ಇಳಿಯುವ ನೀರು ತನ್ನ ಭಾರದಿಂದಲೇ ಪೈಪಿನಲ್ಲಿ ಒತ್ತಡ ಪಡೆಯುತ್ತದೆ. ಒಳಗೆ ಐದು ವಿಭಾಗಗಳಿರುವುದರಿಂದ ಒಂದನ್ನು ಖಾಲಿ ಮಾಡಿ ತೊಳೆಯುವಾಗ ಉಳಿದವು ಕೆಲಸ ಮಾಡುತ್ತವೆ. ಭಾಂಡುಪ್‌ನಲ್ಲಿ ಶುದ್ಧೀಕರಿಸಿದ ನೀರು ಇಲ್ಲಿಗೆ ಬಂದು ಗಿರ್ಗಾಂವ್, ಗ್ರಾಂಟ್ ರೋಡ್, ಕೋಟೆ, ಕೊಲಾಬಾಕ್ಕೆ ಇಳಿಯುತ್ತದೆ. ಕೋಟೆಯ ಉಡುಪಿ ಹೋಟೆಲುಗಳ ಇಡ್ಲಿ ಬೇಯುವುದಕ್ಕೂ, ಅಲ್ಲಿ ದುಡಿಯುತ್ತಾ ರಾತ್ರಿ ಶಾಲೆ ಕಲಿತ ನಮ್ಮ ಹಿರಿಯರು ಬಾಯಾರಿಕೆ ನೀಗಿಸಿಕೊಂಡದ್ದಕ್ಕೂ ಈ ಗುಡ್ಡದ ನಂಟಿದೆ.

ಈ ಜಲಾಶಯವನ್ನೇ ಕೆಡವಿ ಹೊಸದಾಗಿ ಕಟ್ಟುವ ಸುಮಾರು 698 ಕೋಟಿ ರೂಪಾಯಿಯ ಯೋಜನೆಯನ್ನು ಮಹಾನಗರಪಾಲಿಕೆ ಹಾಕಿಕೊಂಡಿತ್ತು. ತೋಟ ವರ್ಷಗಟ್ಟಲೆ ಮುಚ್ಚಬೇಕಿತ್ತು, 389 ಮರಗಳಿಗೆ ಕುತ್ತು ಬಂದಿತ್ತು. 2023ರಲ್ಲಿ ನಾಗರಿಕರು ಪ್ರತಿಭಟಿಸಿದರು. ಮುಂಬಯಿ ಐಐಟಿಯ ಪ್ರಾಧ್ಯಾಪಕರೂ ಇದ್ದ ಎಂಟು ಮಂದಿಯ ಸಮಿತಿ ನೇಮಕವಾಯಿತು. ಅದೇ ಡಿಸೆಂಬರಿನಲ್ಲಿ ಸದಸ್ಯರು ಖಾಲಿ ಮಾಡಿದ ವಿಭಾಗಕ್ಕೆ ಖುದ್ದು ಇಳಿದು ನೋಡಿದರು. ಕೆಡವಬೇಕಾಗಿಲ್ಲ, ದುರಸ್ತಿ ಸಾಕು ಎಂಬ ಅಭಿಪ್ರಾಯ ಸಮಿತಿಯಿಂದಲೇ ಬಂತು. ಸದಸ್ಯರಲ್ಲಿ ಒಮ್ಮತವಿರಲಿಲ್ಲ ಎನ್ನುವುದೂ ನಿಜ. ಹಾಗಾಗಿ ರೂರ್ಕಿ ಐಐಟಿಯನ್ನು ಕೇಳಲಾಯಿತು. ಅವರೂ ದುರಸ್ತಿಯನ್ನೇ ಸೂಚಿಸಿದರು.

ಮಜಗಾಂವ್‌ನ ಭಂಡಾರವಾಡಾ ಗುಡ್ಡದಲ್ಲೂ ಇಂಥದೇ ಹಳೆಯ ಜಲಾಶಯವಿದ್ದು, ಅದರ ಮೇಲೆ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನವಿದೆ. ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿಗೆ ಹತ್ತಿರ. ಅಲ್ಲಿಗೆ ನೆಂಟರನ್ನು ಕರೆದೊಯ್ಯುವವರು ಮಾತ್ರ ಕಡಿಮೆ.