ಕುಂಚವೇ ಇಲ್ಲ, ಬಣ್ಣ ಬಂದದ್ದು ಹೇಗೆ?

ಕೆಂಗಲ್ ಆಂಜನೇಯನಿಗೆ ಕೈಮುಗಿದು ಚನ್ನಪಟ್ಟಣದ ಕಡೆ ಹೊರಟಿದ್ದೀರಾ? ದಾರಿಬದಿಯ ಗೊಂಬೆ ಅಂಗಡಿ ಮುಂದೆ ಗಾಡಿ ನಿಲ್ಲಿಸಿ. ಒಂದು ಬುಗುರಿ ಕೈಗೆತ್ತಿಕೊಳ್ಳಿ. ಕೆಂಪು ಉಂಗುರ, ಹಳದಿ ಉಂಗುರ, ಹಸಿರು ಉಂಗುರ. ಒಂದು ಗೆರೆಯೂ ಅಂಕುಡೊಂಕಿಲ್ಲ!

ಈಗ ಹೇಳಿ, ಇದಕ್ಕೆ ಬಣ್ಣ ಬಳಿದ ಕುಂಚ ಎಂಥದ್ದು?

ಕುಂಚವೇ ಇಲ್ಲ! ಪೇಂಟಿನ ಡಬ್ಬಿಯೂ ಇಲ್ಲ! ಹಾಗಾದರೆ ಏನಿದೆ? ಒಂದು ಮರ, ಒಂದು ಹುಳು, ಒಂದು ಗರಿ. ಅಷ್ಟೇ!

ಮೊದಲು ಮರ. ಹೆಸರು ಹಾಲೆ. ಎಲೆ ಕಿತ್ತರೆ ಬೆಳ್ಳನೆ ಹಾಲು ಜಿನುಗುತ್ತದೆ. ಸೀಳಿದರೆ ಒಳಗೆ ದಂತದಂಥ ಬಿಳುಪು! ಕಾಯಿಗಳೋ ಜೋಡಿ ಜೋಡಿ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ತೂಗುತ್ತವೆ. ಇಷ್ಟು ಬಿಳಿಯ ಮರದ ಎಲೆಯಲ್ಲಿ ಯಾವ ಬಣ್ಣ ಅಡಗಿದೆ, ಊಹಿಸಿ? ನೀಲಿ! ಅದರಿಂದ ಬಟ್ಟೆಗೆ ಹಾಕುವ ನೀಲಿಯನ್ನೇ ತೆಗೆಯುತ್ತಿದ್ದರು!

ಇನ್ನು ಆ ಹೊಳಪು. ಅದು ಅರಗು, ಹುಳುವಿನ ಕೊಡುಗೆ! ಮರಿಹುಳು ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದು. ಮುತ್ತುಗದಂಥ ಮರದ ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುತ್ತದೆ, ತನ್ನ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಹೆಣ್ಣು ಹುಳು ಒಮ್ಮೆ ನೆಲೆನಿಂತರೆ ಸಾಯುವವರೆಗೂ ಅಲ್ಲೇ! ಒಂದು ಕೆ.ಜಿ. ಅರಗಿಗೆ ಎಷ್ಟು ಹುಳು ಬೇಕು? ಸಾವಿರ? ಹತ್ತು ಸಾವಿರ? ಇಲ್ಲ, 3 ಲಕ್ಷದವರೆಗೂ ಅಂದಾಜಿದೆ!

ಈಗ ನೋಡಿ ಚಮತ್ಕಾರ! ಲೇತ್‌ನಲ್ಲಿ ಮರ ಗಿರ್ರನೆ ತಿರುಗುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಬೆಂಕಿ ಬೇಡ, ಉಜ್ಜಿದ ಶಾಖವೇ ಸಾಕು! ಅರಗು ಕರಗುತ್ತದೆ, ಮರಕ್ಕೆ ಹತ್ತುತ್ತದೆ, ಕಣ್ಣೆದುರೇ ಉಂಗುರ ಮೂಡುತ್ತದೆ!

ದೂರದ ಆಸ್ಟ್ರೇಲಿಯಾದಲ್ಲೂ ಉಂಗುರಗಳಿವೆ. 1971ರಲ್ಲಿ ಪಪುನ್ಯಾ ಎಂಬ ಮರುಭೂಮಿಯ ಊರಿನಲ್ಲಿ ಅಲ್ಲಿನ ಆದಿವಾಸಿ ಹಿರಿಯರು ತಮ್ಮ ನೆಲದ ಕಥೆಗಳನ್ನು ಹಲಗೆಗಳ ಮೇಲೆ ಬಿಡಿಸತೊಡಗಿದರು. ವೃತ್ತದೊಳಗೆ ವೃತ್ತ, ಅದರೊಳಗೆ ಇನ್ನೊಂದು. ಏನದು? ಎಷ್ಟೋ ಚಿತ್ರಗಳಲ್ಲಿ ಅದು ನೀರಿನ ಹೊಂಡ! ಅಲ್ಲಿ ಕೈ ಸುತ್ತಿ ಸುತ್ತಿ ವೃತ್ತ ಬರೆಯುತ್ತದೆ. ಚನ್ನಪಟ್ಟಣದಲ್ಲಿ? ಕೈ ನಿಂತಿರುತ್ತದೆ, ಮರವೇ ತಿರುಗಿ ತನ್ನ ಉಂಗುರ ತಾನೇ ಬರೆದುಕೊಳ್ಳುತ್ತದೆ!

ಕೊನೆಗೆ ಆ ಗರಿ. ಯಂತ್ರದ ಪಾಲಿಶ್ ಅಂದುಕೊಂಡಿರಾ? ಅಲ್ಲವೇ ಅಲ್ಲ! ಒಣಗಿದ ತಾಳೆಗರಿ! ತಿರುಗುವ ಗೊಂಬೆಗೆ ಅದನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಮಿರಮಿರ ಮಿಂಚುತ್ತದೆ.

ಆ ದಾರಿಯಲ್ಲಿ ಹೋದಾಗ ಗೊಂಬೆ ಕೊಂಡು ಸುಮ್ಮನೆ ಬರಬೇಡಿ. ಲೇತ್ ಓಡುವ ಮನೆಯೊಂದಕ್ಕೆ ಹೋಗಿ ನಿಲ್ಲಿ. ಮಕ್ಕಳನ್ನೂ ಕರೆದೊಯ್ಯಿರಿ, ಕುಂಚ ಎಲ್ಲಿದೆ ಎಂದು ಕೇಳಿ. ಹುಡುಕಲಿ ಬಿಡಿ!