ಮೊಹರು ರಾಜಮಾತೆಯದು, ಕುಂಚ ಯಾರದು?

ಚೀನಾದ ರಾಜಮಾತೆ ತ್ಸಿಶಿಯ ಹೆಸರಿನಲ್ಲಿ ಉಳಿದಿರುವ ಚಿತ್ರಪಟಗಳಲ್ಲಿ ಕಣ್ಣು ಮೊದಲು ಹೋಗುವುದು ಹೂವಿನ ಕಡೆಗಲ್ಲ, ಪಟದ ನೆತ್ತಿಯ ಮೇಲೆ ಒತ್ತಿದ ದೊಡ್ಡ ಕೆಂಪು ಮೊಹರಿನ ಕಡೆಗೆ. ಕೆಳಗೆ ಪಿಯೊನಿ ಅರಳಿರುತ್ತದೆ, ಇಲ್ಲವೇ ಪೀಚ್ ಹಣ್ಣು ತೂಗುತ್ತಿರುತ್ತದೆ. ಮಗ್ಗುಲಲ್ಲಿ ಪುಟ್ಟ ಅಕ್ಷರಗಳಲ್ಲೊಂದು ಪದ್ಯ. ಪದ್ಯ ಬರೆದವರು ಹಾನ್‌ಲಿನ್ ವಿದ್ವತ್ಪೀಠದ ಪಂಡಿತರು. ಹೂವು ಬಿಡಿಸಿದವಳು ಬಹಳ ಸಲ ಬೇರೊಬ್ಬಳು. ಅವಳ ಹೆಸರು ಪಟದ ಮೇಲೆಲ್ಲೂ ಇಲ್ಲ.

ತ್ಸಿಶಿ ಹುಟ್ಟಿದ್ದು 1835ರಲ್ಲಿ. ಮಂಚು ಮನೆತನಗಳ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆರಿಸುವ ಪದ್ಧತಿಯಲ್ಲಿ ಆಯ್ಕೆಯಾಗಿ, 1852ರಲ್ಲಿ ಕೆಳದರ್ಜೆಯ ಉಪಪತ್ನಿಯಾಗಿ ಅರಮನೆ ಹೊಕ್ಕಳು. ಅಲ್ಲಿ ಅವಳಿಗೆ ಇಟ್ಟ ಹೆಸರು ಲಾನ್, ಅಂದರೆ ಆರ್ಕಿಡ್. 1856ರಲ್ಲಿ ಮಗ ಹುಟ್ಟಿದ. 1861ರಲ್ಲಿ ಚಕ್ರವರ್ತಿ ತೀರಿಕೊಂಡಾಗ ಅವಳಿಗೆ ಇನ್ನೂ ಇಪ್ಪತ್ತೈದು. ಪಟ್ಟಕ್ಕೆ ಬಂದ ಮಗನಿಗೆ ಐದು. ಹಿರಿಯ ರಾಣಿ ತ್ಸಿಆನ್ ಜೊತೆಗೂಡಿ ಸಿಂಹಾಸನದ ಹಿಂದೆ ಪರದೆ ಇಳಿಬಿಟ್ಟು, ಅದರ ಮರೆಯಿಂದಲೇ ರಾಜ್ಯವಾಳಲು ಕುಳಿತಳು. ಚೀನೀಯರು ಈ ಬಗೆಯ ಆಳ್ವಿಕೆಯನ್ನು ‘ಪರದೆ ಇಳಿಸಿ ರಾಜ್ಯಭಾರ ಆಲಿಸುವುದು’ ಎಂದೇ ಕರೆಯುತ್ತಾರೆ.

ಪರದೆ ಮುಖವನ್ನು ಮುಚ್ಚಿತು. ಕೈಯನ್ನಾದರೂ ಕಾಣಿಸಬೇಕಲ್ಲ? ಅವಳು ಸೇರಿದ ಚಿಂಗ್ ರಾಜಮನೆತನದ ಚಕ್ರವರ್ತಿಗಳು ತಾವೇ ಬರೆದ ಅಕ್ಷರ, ತಾವೇ ಬಿಡಿಸಿದ ಚಿತ್ರವನ್ನು ಅಧಿಕಾರಿಗಳಿಗೆ ಕೊಡುತ್ತಿದ್ದರು. ಪಡೆದವನಿಗೆ ಅದು ಪ್ರಸಾದವೂ ಹೌದು, ಋಣವೂ ಹೌದು. ತ್ಸಿಶಿ ಅದನ್ನೇ ಹಿಡಿದುಕೊಂಡಳು. ‘ಫು’, ‘ಶೌ’ (ಭಾಗ್ಯ, ದೀರ್ಘಾಯುಷ್ಯ) ಎಂಬ ಆಳೆತ್ತರದ ಅಕ್ಷರಗಳನ್ನು ದಪ್ಪ ಕುಂಚದಲ್ಲಿ ಬರೆದು ಹಂಚಿದಳು. ಕೈ ಪಳಗಿತ್ತು, ಆಸೆಯೂ ಇತ್ತು. ಆದರೆ ಹಬ್ಬಹಬ್ಬಕ್ಕೂ ಅಷ್ಟು ಜನ ಮಂತ್ರಿ ಮಾನ್ಯರಿಗೆ ಸಾಲುವಷ್ಟು ಪಟ ಒಬ್ಬಳ ಕೈಯಿಂದ ಆಗುವ ಕೆಲಸವಲ್ಲ.

ಹಾಗಾಗಿ ಚಿತ್ರ ಬಲ್ಲ ಹೆಂಗಸರಿಗಾಗಿ ಪ್ರಾಂತಗಳಲ್ಲಿ ಹುಡುಕಾಟ ನಡೆಯಿತು. ಸಿಕ್ಕವರಲ್ಲಿ ಹೆಸರಾದವಳು ಯುನ್ನಾನ್ ಪ್ರಾಂತದ ಕುನ್‌ಮಿಂಗ್‌ನ ಮಿಯಾವೊ ಜಿಯಾಹುಯಿ. ಇವಳೂ ವಿಧವೆ, ರಾಜಮಾತೆಗಿಂತ ಐದಾರು ವರ್ಷ ಚಿಕ್ಕವಳು. ಹೂವು, ಹಕ್ಕಿಗಳಲ್ಲಿ ಎತ್ತಿದ ಕೈ. ಒಳ್ಳೆಯ ಮನೆತನದ ಹೆಣ್ಣು ಕಲಿಯಬಹುದಾದ ವಿದ್ಯೆ ಎಂದು ಆ ಕಾಲ ಒಪ್ಪಿದ್ದೂ ಅದನ್ನೇ. ಅವಳು ರಾಜಮಾತೆಗೆ ಗುರುವಾದಳು, ರಾಜಮಾತೆಯ ಕೈಯೂ ಆದಳು.

ಬೇರೊಬ್ಬರಿಗಾಗಿ ಬಿಡಿಸುವುದಕ್ಕೆ ಚೀನೀಯರಲ್ಲಿ ‘ದೈಬಿ’, ಬದಲಿ ಕುಂಚ, ಎಂಬ ಹೆಸರೇ ಇದೆ. ಹೆಸರಾಂತ ಗಂಡಸು ಕಲಾವಿದರೂ ಬದಲಿ ಕುಂಚಗಳನ್ನು ಇಟ್ಟುಕೊಂಡಿದ್ದವರೇ. ಕಡತ ಬರೆಯುವವನು ಗುಮಾಸ್ತ, ಸಹಿ ಸಾಹೇಬರದು ಎಂದರೆ ನಾವು ಯಾರೂ ಮೋಸ ಎನ್ನುವುದಿಲ್ಲವಲ್ಲ, ಹಾಗೆ. ಆದರೂ ನನ್ನನ್ನು ಕಾಡುವುದು ಇಲ್ಲಿನ ಪರದೆಯ ಲೆಕ್ಕ: ಪರದೆಯ ಹಿಂದೆ ಒಬ್ಬ ಹೆಂಗಸು, ಅವಳ ಹಿಂದೆ ಮತ್ತೊಬ್ಬಳು.

ಮುಂದೆ ಮುಖದ ಸರದಿಯೂ ಬಂತು. ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯ ನಂತರ ವಿದೇಶಿ ಪತ್ರಿಕೆಗಳ ಪಾಲಿಗೆ ತ್ಸಿಶಿ ರಾಕ್ಷಸಿಯಾಗಿದ್ದಳು. ಅಮೆರಿಕದ ರಾಯಭಾರಿಯ ಪತ್ನಿ ಸಾರಾ ಕಾಂಗರ್, ಈ ಮುಖವನ್ನು ಜಗತ್ತು ನೋಡಲಿ ಎಂದು ಕ್ಯಾಥರೀನ್ ಕಾರ್ಲ್ ಎಂಬ ಅಮೆರಿಕನ್ ಕಲಾವಿದೆಯನ್ನು ಸೂಚಿಸಿದಳು. 1903ರ ಆಗಸ್ಟ್‌ನಲ್ಲಿ, ಜೋಯಿಸರು ಇಟ್ಟುಕೊಟ್ಟ ಮುಹೂರ್ತದಲ್ಲಿ ಮೊದಲ ಗೆರೆ ಬಿತ್ತು. ಪಶ್ಚಿಮದಲ್ಲಿ ಕಲಿತ ಕಾರ್ಲ್‌ಗೆ ನೆರಳು ಬೆಳಕಿನಾಟವೇ ಚಿತ್ರದ ಜೀವ. ಅರಮನೆಗೋ ಮುಖದ ಮೇಲೆ ನೆರಳು ಬೀಳಲೇಬಾರದು. ಅರಮನೆಯೇ ಗೆದ್ದಿತು. ಅರವತ್ತೆಂಟರ ರಾಜಮಾತೆ ಸುಕ್ಕಿಲ್ಲದ ಮುಖ ಹೊತ್ತು, ತಾನೇ ರೂಪಿಸಿದ ಕರ್ಪೂರದ ಮರದ ಚೌಕಟ್ಟಿನಲ್ಲಿ 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನಕ್ಕೆ ಹೊರಟಳು.

ಅದೇ ಹೊತ್ತಿಗೆ ಕ್ಯಾಮೆರಾವೂ ಒಳಗೆ ಬಂದಿತ್ತು. ರಾಜತಾಂತ್ರಿಕನೊಬ್ಬನ ಮಗ ಶುನ್‌ಲಿಂಗ್ ತೆಗೆದ ಗಾಜಿನ ಫಲಕಗಳಲ್ಲಿ ಅವಳು ಕನ್ನಡಿಯ ಮುಂದೆ ತಲೆಗೆ ಹೂ ಸಿಕ್ಕಿಸಿಕೊಳ್ಳುತ್ತಾಳೆ, ಕಮಲದ ನಡುವೆ ಕರುಣಾಮೂರ್ತಿ ಗ್ವಾನ್‌ಯಿನ್ ವೇಷದಲ್ಲಿ ನಿಲ್ಲುತ್ತಾಳೆ.

1908ರ ನವೆಂಬರ್‌ನಲ್ಲಿ ತ್ಸಿಶಿ ತೀರಿಕೊಂಡಳು. ಮಿಯಾವೊ ಇನ್ನೂ ಹತ್ತು ವರ್ಷ ಬದುಕಿದಳು. ಅವಳ ಸ್ವಂತ ಸಹಿಯ ಹೂವಿನ ಪಟಗಳೂ ಉಳಿದಿವೆ. ಅವುಗಳಲ್ಲಿ ನೆತ್ತಿಯ ಮೇಲಿನ ಆ ದೊಡ್ಡ ಮೊಹರಿಲ್ಲ.